ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದಲ್ಲ

‘ಬೆನ್ನುನೋವಿದ್ದವರಿಗೆ ಹಾಸಿಗೆ ಗಟ್ಟಿಯಾದಷ್ಟೂ ಒಳ್ಳೆಯದು, ನೆಲವಾದರೆ ಇನ್ನೂ ಉತ್ತಮ’ ಎಂಬ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಗುಂಡಿ ಬಿದ್ದ ಹಳೆಯ ಹಾಸಿಗೆ ಬೆನ್ನಿಗೆ ಕೆಟ್ಟದ್ದು ಎಂಬಷ್ಟು ಮಾತ್ರ ಅದರಲ್ಲಿ ನಿಜ.

ಸ್ಪೇನ್‌ನಲ್ಲಿ ದೀರ್ಘಕಾಲದ ಸೊಂಟನೋವಿದ್ದ 313 ಮಂದಿಗೆ ಗಟ್ಟಿ ಅಥವಾ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ಗಮನಿಸಲಾಯಿತು. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಚ್ಚು ಉಪಶಮನ ಕಂಡವರು ಮಧ್ಯಮ ಹಾಸಿಗೆಯವರೇ.

ಮಗ್ಗುಲಾಗಿ ಮಲಗುವವರ ಭುಜ, ಸೊಂಟದ ಮೂಳೆ ಹಾಸಿಗೆಯೊಳಗೆ ತುಸು ಇಳಿಯಬೇಕು. ಇಳಿಯದಿದ್ದರೆ ತೋಳು ಜೋಮು ಹಿಡಿಯುತ್ತದೆ. ಬೋರಲು ಮಲಗುವವರಿಗೆ ತುಸು ಗಟ್ಟಿಯೇ ಬೇಕು. ಎಂಬತ್ತು ಕಿಲೋ ತೂಕದವರಿಗೆ ಮೆತ್ತಗೆನಿಸಿದ್ದು ಐವತ್ತು ಕಿಲೋದವರಿಗೆ ಹಲಗೆಯಂತಿರಬಹುದು. ಹಾಗಿರುವಾಗ ಎಲ್ಲರಿಗೂ ಒಂದೇ ಸಲಹೆ ಕೊಡುವ ಧೈರ್ಯ ಎಲ್ಲಿಂದ ಬರುತ್ತದೋ!

ಹಾಸಿಗೆಗೆ ಅಂಟಿಸಿದ ‘ಆರ್ಥೋಪೆಡಿಕ್’ (ಮೂಳೆ-ಕೀಲಿಗೆ ಹಿತ) ಎಂಬ ಚೀಟಿಯೊಂದನ್ನೇ ನೋಡಿ ಕೊಳ್ಳಬೇಡಿ. ಫೋಮ್‌ನ ಸಾಂದ್ರತೆ ಹೆಚ್ಚಿದ್ದರೆ ಗಟ್ಟಿ ಎಂದೂ ಅಲ್ಲ. ಅದು ಹೇಳುವುದು ಬಾಳಿಕೆಯನ್ನು. ಮೈಯ ಆಕಾರಕ್ಕೆ ತಗ್ಗುವ ಮೆಮೊರಿ ಫೋಮ್ ಚಳಿಗೆ ಬಿಗಿಯಾಗುತ್ತದೆ. ಏಪ್ರಿಲ್‌ನಲ್ಲಿ ಹಿತವೆನಿಸಿದ್ದು ಡಿಸೆಂಬರ್ ರಾತ್ರಿ ಬೇರೆಯೇ ಅನ್ನಿಸೀತು.

ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡಿದರೆ ಸಾಲದು. ಚಪ್ಪಲಿ ಬಿಟ್ಟು, ಮನೆಯಲ್ಲಿ ಮಲಗುವ ಭಂಗಿಯಲ್ಲೇ ಹತ್ತು ನಿಮಿಷ ಮಲಗಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಕೈ ಸಲೀಸಾಗಿ ತೂರಿದರೆ ಹಾಸಿಗೆ ನಿಮಗೆ ಗಟ್ಟಿ. ತೂರಿಸಲು ಒದ್ದಾಡಬೇಕಾದರೆ ಮೆತ್ತಗೆ. ನೋವು ಕಾಲಿಗೆ ಇಳಿಯುತ್ತಿದ್ದರೆ ಹಾಸಿಗೆ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಿ.