ಭಾವನ ಜೀಪಿಗೆ ನಾಲ್ಕು ಲಿವರ್ರು

ಮಾರ್ಚಲ್ಲಿ ಕಾಫಿ ಹೂ ಬಿಡ್ಸೋ ಹೂಮಳೆ ಕೈ ಕೊಟ್ರೆ ಮೂಡಿಗೆರೆ ಕಡೆ ಕಾಫಿ ತೋಟದೋರೆಲ್ಲ ಪಂಪ್‌ಸೆಟ್ ರಿಪೇರಿಗೆ ಓಡ್ತಾರೆ, ನಮ್ಮ ಭಾವ ಮಾತ್ರ ಜೀಪಿನ ಬಾನೆಟ್ ಸವರ್ಕೊಂಡು ನಿಂತಿರ್ತಾರೆ. ಹಳೇ ಪೆಟ್ರೋಲ್ ಸಿಜೆ-3ಬಿ, ಹಿಂದೆ ಪಿಟಿಒ ಇದೆ, ಅಂದ್ರೆ ಟ್ರ್ಯಾಕ್ಟರ್ ತರ ಶಾಫ್ಟ್ ಸಿಕ್ಸಿ ಪಂಪ್ ತಿರುಗಿಸ್ಬೋದು. ರೋಬಸ್ಟಾಗೆ ಒಂದಿಂಚು ನೀರಾದ್ರೂ ಬಿದ್ರೆ ವಾರ ಹತ್ತು ದಿನಕ್ಕೆ ಹೂವು, ಇಲ್ಲಾಂದ್ರೆ ಆ ವರ್ಷ ಬರೀ ಎಲೆ.

ತೊಂದ್ರೆ ಏನಪ್ಪಾ ಅಂದ್ರೆ ಈ ಜೀಪಿನ ಹಿಂದಿನ ಓನರ್ರಿಗೆ ಆಫ್‌ರೋಡ್ ಹುಚ್ಚು, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಪವರ್‌ನ ಮುಂದಿನ ಹಿಂದಿನ ಚಕ್ರಕ್ಕೆ ಹಂಚೋ ಡಬ್ಬಿ, ಅದರಲ್ಲಿ ಹೈ, ಲೋ ಅಂತ ಎರಡು ಗೇರು) ಬಿಚ್ಚಿ ಲೋ ಗೇರನ್ನ ಇನ್ನೂ ಲೋ ಮಾಡ್ಸಿದ್ರು, ಸಾಲದ್ದಕ್ಕೆ ಲುಕ್ ಬರ್ಲಿ ಅಂತ ಗೇರು, ಹೈ-ಲೋ, ಫೋರ್‌ವೀಲು, ಪಿಟಿಒ ನಾಲ್ಕೂ ಲಿವರ್ ತುದಿಗೆ ಒಂದೇ ತರದ ಕಪ್ಪು ಗುಂಡು ಹಾಕ್ಸಿದ್ರು. ಕತ್ಲಲ್ಲಿ ಕೈ ಹಾಕಿದ್ರೆ ಯಾವುದು ಸಿಗತ್ತೋ ಅವತ್ತಿನ ಪುಣ್ಯ. ಒಂದ್ಸಲ ರಿವರ್ಸ್ ಬಿದ್ದು ಪಂಪೂ ಉಲ್ಟಾ ತಿರುಗಿ, ಸ್ಪ್ರಿಂಕ್ಲರ್ ಬಾಯಿಂದ ನೀರು ಸುಮ್ನೆ ಜೊಲ್ಲು ಸುರಿಸ್ದಂಗೆ ಸುರೀತಿತ್ತು.

ಭಾವಂಗೆ ಇನ್ನೊಂದು ನಂಬಿಕೆ, ಲೋ ಹಾಕಿದ್ರೆ ಪಂಪಿಗೆ ಪವರ್ ಜಾಸ್ತಿ ಅಂತ. ಪಿಟಿಒ ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ ಕೂತಿದ್ರೂ ತಿರುಗೋದು ಗೇರ್‌ಬಾಕ್ಸಿಂದ ಬರೋ ಶಾಫ್ಟಿನ ಸ್ಪೀಡಲ್ಲೇ, ಹೈ ಆಗ್ಲಿ ಲೋ ಆಗ್ಲಿ ಅದಕ್ಕೇನೂ ಆಗ್ಬೇಕಿಲ್ಲ. ಲೋ ಹಾಕಿ ಕ್ಲಚ್ ಬಿಟ್ರೆ ಪಂಪಿನ ಜೊತೆ ಜೀಪೂ ಹೊರಡತ್ತೆ, ಅದಕ್ಕೇ ಹೈ-ಲೋ ಲಿವರ್ ನ್ಯೂಟ್ರಲ್ಲಲ್ಲೇ ಇರ್ಬೇಕು. ಇದನ್ನ ಮೆಕ್ಯಾನಿಕ್ ಹೇಳಿ ಹೇಳಿ ಸುಸ್ತಾದ, ಕೊನೆಗೆ ಭಾವ ಒಪ್ಕೊಂಡು ನ್ಯೂಟ್ರಲ್ ಹಾಕಿದ್ರು ನೋಡಿ, ಅವತ್ತೇ ಆಗಿದ್ದು ಎಡವಟ್ಟು.

ಸಂಜೆ ಎಂಜಿನ್ ಆಫ್ ಮಾಡಿ ಮಲ್ನಾಡಿನ ಅಭ್ಯಾಸದಂಗೆ ಫಸ್ಟ್ ಗೇರಿಗೆ ಹಾಕಿ ಇಳಿದ್ರು. ಟ್ರಾನ್ಸ್‌ಫರ್ ನ್ಯೂಟ್ರಲ್ಲಲ್ಲಿದ್ರೆ ಗೇರು ಯಾವ ಚಕ್ರಾನೂ ಹಿಡಿಯಲ್ಲ. ಹ್ಯಾಂಡ್‌ಬ್ರೇಕ್ ಡ್ರಮ್ಮಂತೂ ಅದೇ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಸೀಲ್ ಲೀಕಾಗಿ ಲೈನರೆಲ್ಲ ಗೇರ್ ಆಯಿಲಲ್ಲಿ ನೆಂದು ವರ್ಷಗಳೇ ಆಗಿವೆ. ಜೀಪು ಒಂಚೂರೂ ಸದ್ದಿಲ್ದೆ ಹಿಂದಕ್ಕೆ ಜಾರಿ, ಪಂಪನ್ನೂ ತಳ್ಕೊಂಡು, ನಂಬರ್ ಪ್ಲೇಟ್ ಮುಳುಗೋವರೆಗೆ ಕೆರೆಗಿಳೀತು. ಭಾವ ದಡದಲ್ಲಿ ನಿಂತು "ಗೇರಲ್ಲಿದೆ ಕಣೋ, ಹೆಂಗೆ ಹೋಯ್ತು, ಗೇರಲ್ಲಿದೆ" ಅಂತಾನೇ ಇದ್ರು. ಪಕ್ಕದ ತೋಟದ ಟ್ರ್ಯಾಕ್ಟರ್ ತರ್ಸಿ ಎಳೆದ್ವಿ, ಪಿಟಿಒ ಶಾಫ್ಟ್ ಬಾಳೆಕಾಯಿ ತರ ಬಗ್ಗಿತ್ತು. ಟ್ರ್ಯಾಕ್ಟರ್ ಬಂದಿದ್ದೇ ಬಂತು, ಅದರಲ್ಲೇ ಪಂಪ್ ಓಡಿಸ್ಬಿಡಿ ಅಂದೆ, ಭಾವ ಮುಖ ತಿರುಗಿಸ್ಕೊಂಡ್ರು.

ಈಗ ಅವ್ರಿಗೆ ಓವರ್‌ಡ್ರೈವ್, ಅಂದ್ರೆ ಅದೇ ಸ್ಪೀಡಿಗೆ ಎಂಜಿನ್ ನಿಧಾನ ತಿರುಗೋಹಂಗೆ ಮಾಡೋ ಇನ್ನೊಂದು ಗೇರು, ಹಾಕ್ಸೋ ಆಸೆ, ಘಾಟಿ ಇಳಿದ್ಮೇಲೆ ಎಂಜಿನ್ ಕಿರುಚಬಾರ್ದಂತೆ. ಮೆಕ್ಯಾನಿಕ್ ತಲೆ ಕೆರ್ಕೊಂಡ: "ಸಾರ್, ಅದು ಕೂರೋದೂ ಪಿಟಿಒ ಇರೋ ತೂತಲ್ಲೇ, ಎರಡರಲ್ಲಿ ಒಂದು."

ಅಕ್ಕ ಕಾಫಿ ಲೋಟ ಕುಕ್ಕಿ, "ಪೀಡೆ ಹೋಗ್ಲಿ, ಪಿಟಿಒ ಕಿತ್ತಾಕಿ, ಪಂಪಿಗೆ ಬೇರೆ ವ್ಯವಸ್ಥೆ ಮಾಡಿ" ಅಂದ್ಳು.

ಭಾವನ ಮುಖ ಅರಳ್ತು. "ಅಂದ್ರೆ ಇನ್ನೊಂದು ಜೀಪ್ ತಗೊಳ್ಳೋಣ ಅಂತೀಯಾ?"