ಕಾರಿನ ಗುಂಡಿ, ರಸ್ತೆಯ ಗುಂಡಿ

ಕನ್ನಡದಲ್ಲಿ ಅಂಗಿಗೆ ಹಾಕುವುದೂ ಗುಂಡಿ, ಕರೆಗಂಟೆಗೆ ಒತ್ತುವುದೂ ಗುಂಡಿ, ಸ್ಕೂಟರ್ ಬೀಳುವುದೂ ಗುಂಡಿಗೇ. ಈಚೆಗೆ ಕಾರಿನೊಳಗೆ ಗುಂಡಿ ಕಡಿಮೆಯಾಗುತ್ತಾ ಬಂತು, ರಸ್ತೆಯಲ್ಲಿ ಜಾಸ್ತಿಯಾಗುತ್ತಾ ಬಂತು. ಇಲ್ಲಿಂದ ಕಿತ್ತು ಅಲ್ಲಿ ಹಾಕುತ್ತಿದ್ದಾರೇನೋ ಎಂದು ನನಗೊಂದು ಅನುಮಾನ.

ಜೂನ್‌ನಲ್ಲಿ ಹೆಂಡತಿಯ ತವರು ಉಜಿರೆಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಪ್ಪ ಮತ್ತು ಮಗ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದ್ದಷ್ಟೇ, ಮಳೆ ಹಿಡಿಯಿತು. ಹೊರಗೆ ಮಂಜು, ಒಳಗೆ ನಾಲ್ಕು ಜನರ ಉಸಿರು. ಮುಂದಿನ ಗಾಜು ಹಾಲು ಬಳಿದ ಹಾಗಾಯಿತು. ಗಾಜಿಗೆ ಗಾಳಿ ಬಿಡಬೇಕು. ಅದು ಎಲ್ಲಿದೆ? ಪರದೆಯಲ್ಲಿದೆ. ಪರದೆಯಲ್ಲಿ ಎಲ್ಲಿ? ಫ್ಯಾನಿನ ಚಿತ್ರ ಮುಟ್ಟಿದರೆ ಇನ್ನೊಂದು ಪುಟ, ಅದರೊಳಗೆ. ಆ ಪುಟ ತೆರೆದು ಬೆರಳು ಚಾಚಿದೆ. ಚಕ್ರ ಗುಂಡಿಗೆ ಇಳಿಯಿತು. ಬೆರಳು ಒಂದಿಂಚು ಜಾರಿತು. ಎಫ್‌ಎಂನಲ್ಲಿ ಯಾರೋ ಜೋರಾಗಿ ಸೀರೆ ಮಾರತೊಡಗಿದರು.

"ನೀವು ರಸ್ತೆ ನೋಡ್ರೀ" ಎಂದಳು ಹೆಂಡತಿ. ರಸ್ತೆ ಕಾಣಲಿ ಎಂದೇ ನಾನು ಪರದೆ ನೋಡುತ್ತಿದ್ದೆ ಎಂದು ಹೇಳುವ ಹೊತ್ತಲ್ಲ ಅದು. ಎದುರಿಗೆ ತಿರುವು. ಅಪ್ಪ ಏನೂ ಮಾತಾಡದೆ ಹೆಗಲ ಮೇಲಿನ ಟವೆಲ್ ತೆಗೆದು ಮುಂದಕ್ಕೆ ಚಾಚಿದರು.

ಅಪ್ಪನ ಬಳಿ ಮಾರುತಿ 800 ಇತ್ತು. 796 ಸಿಸಿ, ಮೂರು ಸಿಲಿಂಡರ್. 1983ರಲ್ಲಿ ರಸ್ತೆಗೆ ಬಂದು 2014ರವರೆಗೆ ತಯಾರಾದ ಕಾರು. ಅದರಲ್ಲಿ ಗಾಳಿಗೆ ಒಂದು ಕಡ್ಡಿ. ಒಂದು ತುದಿ ನೀಲಿ, ಇನ್ನೊಂದು ತುದಿ ಕೆಂಪು. ಅಕ್ಷರ ಬೇಡ, ಕಣ್ಣೂ ಬೇಡ. ಅಪ್ಪನ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಕತ್ತಲೆಯಲ್ಲಿ ಅಮ್ಮನ ಕೈ ಉಪ್ಪಿನ ಡಬ್ಬಿಗೆ ಹೋಗುವ ಹಾಗೆ. ಆಮೇಲೆ ಬಂದ ನಮ್ಮ ಎರಡನೇ ಕಾರಿನಲ್ಲಿ ಗುಂಡಿಗಳಿದ್ದವು, ಜೊತೆಗೆ ಗುಂಡಿಯಲ್ಲದ ಗುಂಡಿಗಳೂ ಇದ್ದವು. ಒತ್ತಿದರೆ ಏನೂ ಆಗದ ಖಾಲಿ ಬಿಲ್ಲೆಗಳು. ಮೇಲಿನ ಮಾಡೆಲ್ ತೆಗೆದುಕೊಂಡಿದ್ದರೆ ಅಲ್ಲಿ ಏನೋ ಇರುತ್ತಿತ್ತಂತೆ. ನಮ್ಮ ಬಡತನವನ್ನು ಕಂಪನಿಯವರು ಅಷ್ಟು ಅಚ್ಚುಕಟ್ಟಾಗಿ ಡ್ಯಾಶ್‌ಬೋರ್ಡಿನ ಮೇಲೆ ಜೋಡಿಸಿ ಕೊಟ್ಟಿದ್ದರು.

ಈಗ ಆ ರಗಳೆ ಇಲ್ಲ. ಎಲ್ಲರಿಗೂ ಒಂದೇ ಹಲಗೆ. ಒಂದೊಂದು ಗುಂಡಿಗೂ ಬೇರೆ ಅಚ್ಚು, ಬೇರೆ ತಂತಿ, ಜೋಡಿಸಲು ಬೇರೆ ಕೈ ಬೇಕು. ಪರದೆಯಾದರೆ ಒಂದು ಸಲ ಕೂರಿಸಿದರೆ ಆಯಿತು, ಉಳಿದದ್ದೆಲ್ಲ ಸಾಫ್ಟ್‌ವೇರ್. ಕಂಪನಿಗೆ ಉಳಿತಾಯ, ನಮಗೆ "ಪ್ರೀಮಿಯಂ ಫೀಲ್". ಹಾಗೆಂದು ಅವರನ್ನೇ ಬೈದರೆ ತಪ್ಪಾಗುತ್ತದೆ. ಶೋರೂಮಿನಲ್ಲಿ ನಿಂತು "ಸ್ಕ್ರೀನ್ ಎಷ್ಟು ಇಂಚು?" ಎಂದು ಕೇಳಿದವನು ನಾನೇ. ಇಂಜಿನ್ ಬಗ್ಗೆ ಏನೂ ಕೇಳಿದ ನೆನಪಿಲ್ಲ.

ಇದು ಹೊಸ ಹುಚ್ಚೂ ಅಲ್ಲ. ಅಮೆರಿಕದ ಬ್ಯೂಕ್ ರಿವಿಯೆರಾದಲ್ಲಿ 1986ರಲ್ಲೇ ಮುಟ್ಟುವ ಪರದೆ ಇತ್ತು. ಹಳೇ ಟಿವಿಯಂಥ ಹಸಿರು ಗಾಜು. ಜನ ಗೊಣಗಿದರು, ಕೆಲವೇ ವರ್ಷಗಳಲ್ಲಿ ಅದು ಹೋಯಿತು. 2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆಯವರು ಹೊಸ ಕಾರುಗಳ ಸಾಲಿನಲ್ಲಿ ಹದಿನೇಳು ವರ್ಷ ಹಳೆಯ ವೋಲ್ವೋ ವಿ70 ಒಂದನ್ನು ನಿಲ್ಲಿಸಿ ಪರೀಕ್ಷೆ ಮಾಡಿದರು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ರೇಡಿಯೋ ಹಾಕುವುದು, ಗಾಜಿನ ಮಂಜು ತೆಗೆಯುವುದು, ಇಂಥ ನಾಲ್ಕು ಕೆಲಸ ಮುಗಿಸಬೇಕು. ಗುಂಡಿಗಳ ಮುದಿ ವೋಲ್ವೋದಲ್ಲಿ ಹತ್ತು ಸೆಕೆಂಡಿಗೆ ಮುಗಿಯಿತು. ಅಷ್ಟರಲ್ಲಿ ಕಾರು ಸಾಗಿದ್ದು 306 ಮೀಟರ್. ಕೊನೆಗೆ ಬಂದ ಹೊಸ ಕಾರಿಗೆ ಹಿಡಿದದ್ದು 44.9 ಸೆಕೆಂಡ್. ಅಂದರೆ 1,372 ಮೀಟರ್! ಚಾರ್ಮಾಡಿಯಲ್ಲಿ ಅಷ್ಟು ದೂರದೊಳಗೆ ಎಷ್ಟು ತಿರುವು ಬರುತ್ತವೆ ಎಂದು ಆ ಪುಣ್ಯಾತ್ಮರಿಗೆ ಗೊತ್ತಿಲ್ಲ.

ಮಗ ಭಾನುವಾರ ತಪ್ಪದೆ ಫಾರ್ಮುಲಾ ಒನ್ ಕಾರ್ ರೇಸ್ ನೋಡುತ್ತಾನೆ. ನನಗೆ ಅದು ದುಬಾರಿ ಜೀರುಂಡೆಗಳ ಮೆರವಣಿಗೆಯ ಹಾಗೆ ಕಾಣುತ್ತಿತ್ತು. ಒಂದು ದಿನ ಕ್ಯಾಮೆರಾ ಚಾಲಕನ ತಲೆಯ ಮೇಲಿಂದ ತೋರಿಸಿತು. ಸ್ಟೀರಿಂಗ್ ತುಂಬಾ ಗುಂಡಿ! ಕೆಂಪು, ಹಳದಿ, ಹಸಿರು, ಜೊತೆಗೆ ತಿರುಗಿಸುವ ಬಿರಡೆಗಳು. ನೀರು ಕುಡಿಯಲೂ ಒಂದು ಗುಂಡಿಯಂತೆ, ಒತ್ತಿದರೆ ಕೊಳವೆಯಲ್ಲಿ ಬಾಯಿಗೆ ಬರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ದುಡ್ಡು ಸುರಿದು ಮಾಡುವ ಕಾರುಗಳಿವು. ಅವರಿಗೆ ಬೇಕೆಂದರೆ ಎಂಥ ಪರದೆ ಸಿಗುವುದಿಲ್ಲ ಹೇಳಿ? ಗುಂಡಿಗಳ ನಡುವೆ ಒಂದು ಪುಟ್ಟ ಪರದೆ ಇದೆ, ಆದರೆ ಅದು ನೋಡಲಿಕ್ಕೆ ಮಾತ್ರ. ಮುನ್ನೂರರ ವೇಗದಲ್ಲಿ, ಕೈಗವಸು ಹಾಕಿದ ಬೆರಳಿಗೆ, ಒತ್ತಿದ್ದು ಒತ್ತಿದೆ ಎಂದು ಗೊತ್ತಾಗಬೇಕು. ಟಕ್ ಅನ್ನಬೇಕು.

ಗುಂಡಿಯಿಂದ ಎಡವಟ್ಟಾಗುವುದಿಲ್ಲ ಎಂದಲ್ಲ. 2021ರಲ್ಲಿ ಬಾಕು ರೇಸಿನ ಕೊನೆಯಲ್ಲಿ, ಎರಡೇ ಸುತ್ತು ಉಳಿದಿದ್ದಾಗ, ಆಗ ಮರ್ಸಿಡಿಸ್ ತಂಡದ ಚಾಲಕರಾಗಿದ್ದ ಲೂಯಿಸ್ ಹ್ಯಾಮಿಲ್ಟನ್ ಕೈ ಗೊತ್ತಿಲ್ಲದೆ ಒಂದು ಗುಂಡಿಗೆ ತಾಗಿತು. ಬ್ರೇಕಿನ ಬಲ ಬಹುಪಾಲು ಮುಂದಿನ ಚಕ್ರಗಳಿಗೆ ಹೋಯಿತು. ಕಾರು ತಿರುವಿನಲ್ಲಿ ತಿರುಗದೆ ನೆಟ್ಟಗೆ ನಡೆಯಿತು. ಗೆಲ್ಲಬಹುದಾಗಿದ್ದವರು ಹದಿನೈದನೆಯವರಾದರು. ಆಮೇಲೆ ಮರ್ಸಿಡಿಸ್‌ನವರು ಆ ಗುಂಡಿಯ ಸುತ್ತ ಒಂದು ಅಡ್ಡಿ ಕೂರಿಸಿದರು, ಬಾವಿಗೆ ಕಟ್ಟೆ ಕಟ್ಟಿದ ಹಾಗೆ. ನಮ್ಮ ರಸ್ತೆಯ ಗುಂಡಿಗಳಿಗೆ ಅಷ್ಟಾದರೂ ಮಾಡಬಹುದಿತ್ತು, ಅಲ್ವಾ?

ಈಗ ಗಾಳಿ ತಿರುಗುತ್ತಿದೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥವಕ್ಕೆ ಮುಟ್ಟಿದರೆ ತಿಳಿಯುವ ನಿಜವಾದ ಗುಂಡಿ ಅಥವಾ ಕಡ್ಡಿ ಇದ್ದರೇ ಪೂರ್ತಿ ಅಂಕ ಎನ್ನುತ್ತಿದ್ದಾರೆ. ಫೋಕ್ಸ್‌ವ್ಯಾಗನ್‌ನವರೂ ಗುಂಡಿಗಳನ್ನು ವಾಪಸ್ ತರುತ್ತೇವೆ ಎಂದಿದ್ದಾರೆ. ನನ್ನ ಕಂತು ಮುಗಿಯಲು ಇನ್ನೂ ನಾಲ್ಕು ವರ್ಷ ಇದೆ.

ಉಜಿರೆಯಿಂದ ಹಿಂದಿರುಗುವಾಗ ಹೆಂಡತಿ, ಮಗ ಅಲ್ಲೇ ಉಳಿದರು. ಡಿಕ್ಕಿ ತುಂಬಾ ತೆಂಗಿನಕಾಯಿ. ಅಪ್ಪ ಹಿಂದೆ ಕಾಲು ಚಾಚಿದ್ದರು. ಅತ್ತೆ ಕೊಟ್ಟ ಹಲಸಿನಹಣ್ಣಿಗೆ ಮುಂದಿನ ಸೀಟೇ ಗತಿಯಾಯಿತು. ಹೊರಟ ತಕ್ಷಣ ಕಾರು ಪೀಂ ಪೀಂ ಎಂದು ಬಡಿದುಕೊಳ್ಳತೊಡಗಿತು. ಯಾರೋ ಬೆಲ್ಟ್ ಹಾಕದೆ ಕೂತಿದ್ದಾರಂತೆ. ಪರದೆಯಲ್ಲಿ ಎಷ್ಟು ಹುಡುಕಿದರೂ "ಅದು ಹಲಸು" ಎಂದು ಹೇಳುವ ಜಾಗ ಸಿಗಲಿಲ್ಲ. ಕೊನೆಗೆ ಹಣ್ಣಿಗೇ ಬೆಲ್ಟ್ ಹಾಕಿದೆ. ಬಡಿದಾಟ ನಿಂತಿತು. ಘಾಟಿ ಹತ್ತುವಾಗ ಗಾಜು ಮತ್ತೆ ಮಂಜಾಯಿತು, ಟವೆಲ್ ಈ ಸಲ ನನ್ನ ತೊಡೆಯ ಮೇಲೇ ಇತ್ತು.

ರಾತ್ರಿ ಮನೆ ತಲುಪಿದಾಗ ಕರೆಂಟ್ ಇರಲಿಲ್ಲ. ಟಾರ್ಚ್ ತರಲು ಹೊರಟೆ. ಅಷ್ಟರಲ್ಲಿ ಅಪ್ಪ ಮುಂದಿನ ಬಾಗಿಲು ತೆಗೆದು ಹಣ್ಣಿನ ಮಗ್ಗುಲಲ್ಲಿ ಕೈ ಆಡಿಸಿದರು. ಟಕ್ ಎಂದಿತು. ಹಲಸಿನಹಣ್ಣು ಇಳಿಯಿತು.