ಎರಡು ಕಂಬ ಶಾರ್ಟು

34 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನೋಟು ಎಣಿಸಿದವಳು ನಾನು. ಕಟ್ಟಿನಲ್ಲಿ ಒಂದು ನೋಟು ಕಮ್ಮಿಯಿದ್ದರೆ ಹೆಬ್ಬೆರಳಿಗೇ ಗೊತ್ತಾಗುತ್ತಿತ್ತು. ಗೊತ್ತಾಗದೆ ಉಪಾಯವಿರಲಿಲ್ಲ; ಸಂಜೆ ಶಾರ್ಟ್ ಬಂದರೆ ಕೈಯಿಂದ ಕಟ್ಟಬೇಕಿತ್ತು. ಅಂಥವಳಿಗೆ 120 ಕಂಬ ಎಣಿಸಲು ಬರಲಿಲ್ಲ ಅಂದರೆ ಯಾರು ನಂಬುತ್ತಾರೆ? ಅಮ್ಮ ನಂಬಿದಳು. ತಕ್ಷಣ ನಂಬಿದಳು.

ಕಂಬ ಅಂದರೆ ಕ್ರೋಶಾದ ಕಂಬ, ಕೊಕ್ಕೆ ಕಡ್ಡಿಯಲ್ಲಿ ದಾರ ಎಳೆದು ಹಾಕುವ ಒಂದೊಂದು ಹೆಣಿಗೆ. ಬಸುರಿ ಮಗಳಿಗೆ ಐದು ತಿಂಗಳು ತುಂಬಿ ಆರಕ್ಕೆ ಬಿದ್ದಿತ್ತು, ನನಗೆ ನಿವೃತ್ತಿಯಾಗಿ ಮೂರು ತಿಂಗಳಾಗಿತ್ತು. ಖಾಲಿ ಕೂತ ಕೈ ಮೊಬೈಲಿನಲ್ಲಿ ಬಣ್ಣಬಣ್ಣದ ಪಟ್ಟೆಯ ಪಾಪು ಹೊದಿಕೆಯೊಂದನ್ನು ಕಂಡಿತು. ಇಷ್ಟೇ ತಾನೆ ಅಂದುಕೊಂಡೆ.

ಅಮ್ಮನಿಗೆ ಈಗ 82. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅವಳ ಕ್ರೋಶಾ ಹೊದೆಯದ ವಸ್ತುವೇ ಇರಲಿಲ್ಲ. ರೇಡಿಯೋಗೆ ಒಂದು, ಟ್ರಂಕಿಗೆ ಒಂದು, ನೀರಿನ ಹೂಜಿಗೆ ಅಂಚಿನಲ್ಲಿ ಮಣಿ ಜೋತುಬಿಟ್ಟ ಮುಚ್ಚಳ. ಟಿವಿ ಮನೆಗೆ ಬರುವ ಮೊದಲೇ ಅದರ ಕವರ್ ಬಂದು ಕೂತಿತ್ತು. ಅಪ್ಪ ಯಾವತ್ತೂ ಒಂದೇ ಕಡೆ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಕಾರಣ ಇದೇ ಇರಬೇಕು.

ಈ ಅಮ್ಮನದು ಮೊದಲ ತಕರಾರು. "ಮಗು ಹುಟ್ಟೋಕೆ ಮುಂಚೆ ಹೊಸ ಬಟ್ಟೆ ಸೇರಿಸಬಾರದು." ಅರ್ಧ ಗಂಟೆ ವಾದವಾಯಿತು. ಕೊನೆಗೆ ಅವಳೇ ದಾರಿ ತೋರಿಸಿದಳು: "ಯಾರಾದ್ರೂ ಕೇಳಿದ್ರೆ ಟಿವಿ ಕವರ್ ಅನ್ನು." ಗೋಡೆಗೆ ಅಂಟಿಕೊಂಡಿರುವ ಟಿವಿಗೆ ಕವರ್ ಯಾಕೆ ಅಂತ ಪಕ್ಕದ ಮನೆಯವರು ಇವತ್ತಿನವರೆಗೂ ಕೇಳಿಲ್ಲ. ಅವರ ಒಳ್ಳೆಯತನ.

ಚಿಕ್ಕಪೇಟೆಗೆ ಹೋಗಿ ಉಲ್ಲನ್ ತಂದೆ. ಅರಿಶಿನ, ಕನಕಾಂಬರ, ಗಿಳಿಹಸಿರು, ನೇರಳೆ, ಜೊತೆಗೆ ಸೀರೆ ಅಂಗಡಿಯವರು ಆನಂದಾ ಬ್ಲೂ ಅನ್ನುತ್ತಾರಲ್ಲ, ಅದು. ಲೇಬಲ್ಲಿನ ಮೇಲೆ ಲಾಟ್ ನಂಬರ್ ಅಂತ ಇರುತ್ತದೆ, ಒಂದೇ ಸಲ ಬಣ್ಣದಲ್ಲಿ ಅದ್ದಿದ ಉಂಡೆಗಳಿಗೆ ಒಂದೇ ನಂಬರ್. ಇದು ನನಗೆ ತಿಳಿದದ್ದು ಅರಿಶಿನ ಮುಗಿದು ಎರಡನೇ ಸಲ ತಂದಮೇಲೆ. "ಅದೇ ಹಳದಿ ಮೇಡಂ" ಅಂದ ಅಂಗಡಿಯವನು. ಮನೆಗೆ ಬಂದು ಬೆಳಕಿಗೆ ಹಿಡಿದರೆ ಮೊದಲ ಲಾಟು ಸೇಲಂ ಅರಿಶಿನ, ಎರಡನೆಯದು ನೀರು ಹೆಚ್ಚಾದ ಬೇಳೆಕಟ್ಟು.

ಅಷ್ಟರಲ್ಲಿ ಇನ್ನೊಂದು ಎಡವಟ್ಟು ಆಗಿತ್ತು. ಮಗಳು ಕಳಿಸಿದ ಪ್ಯಾಟರ್ನ್ ಬ್ರಿಟಿಷರದ್ದು, ನಾನು ನೋಡುತ್ತಿದ್ದ ವಿಡಿಯೋ ಅಮೆರಿಕದ್ದು. ಬ್ರಿಟಿಷರು ಡಬಲ್ ಅನ್ನುವ ಕಂಬ ಅಮೆರಿಕದವರಿಗೆ ಸಿಂಗಲ್. ಅಮೆರಿಕದವರ ಡಬಲ್ಲು ಬ್ರಿಟಿಷರಿಗೆ ಟ್ರೆಬಲ್. ಎರಡು ಬ್ಯಾಂಕು ಮರ್ಜ್ ಆದಾಗ ಕೋಡುಗಳು ತಾಳೆಯಾಗದ ಹಾಗೆ, ನನ್ನ ಪಟ್ಟೆ ಒಂದು ದಿನ ಎತ್ತರ, ಮಾರನೇ ದಿನ ಗಿಡ್ಡ. "ಗಿಡ್ಡ ಕಂಬ, ಉದ್ದ ಕಂಬ ಅಂದ್ರೆ ಆಗಲ್ವಾ ಅವರಿಗೆ?" ಅಂದಳು ಅಮ್ಮ. ಆಗುತ್ತೆ. ಯಾರು ಹೋಗಿ ಹೇಳೋದು?

ಉದ್ದ ಕಂಬವೇ ಅಂತ ಗಟ್ಟಿ ಮಾಡಿಕೊಂಡು ಬುಡಕ್ಕೆ 122 ಸರಪಳಿ ಕುಣಿಕೆ ಹಾಕಿ ಹೊಸದಾಗಿ ಶುರು ಮಾಡಿದೆ. 25 ಸಾಲು ಆದಮೇಲೆ ಹೆಮ್ಮೆಯಿಂದ ಮಂಚದ ಮೇಲೆ ಹಾಸಿದೆ. ನಮ್ಮವರು ನೋಡಿ, "ಪಾಪುಗೆ ಲಂಗನಾ?" ಅಂದರು. ಕೆಳಗೆ ಅಗಲ, ಮೇಲೆ ಸೊಂಟ! ಎಣಿಸಿದೆ. 120 ಇರಬೇಕಾದ ಕಡೆ 96. ಸಾಲು ತಿರುಗಿಸುವಾಗ ಹಾಕುವ ಮೂರು ಸರಪಳಿಯೂ ಒಂದು ಕಂಬದ ಲೆಕ್ಕ, ಮುಂದಿನ ಸಾಲಿನ ಕೊನೇ ಕಂಬವನ್ನು ಅದರ ನೆತ್ತಿಗೇ ಚುಚ್ಚಬೇಕು. ನಾನು ಅದನ್ನು ಬರೀ ಅಂಚು ಅಂದುಕೊಂಡು ಬಿಡುತ್ತಾ ಬಂದಿದ್ದೆ. ಸಾಲಿಗೊಂದು ಕಂಬ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಬ್ಯಾಂಕಿನಲ್ಲಾಗಿದ್ದರೆ ಸಸ್ಪೆಂಡು.

ಕ್ರೋಶಾದಲ್ಲಿ ಒಂದು ಅನುಕೂಲ, ಅದೇ ಅದರ ಶಾಪ ಕೂಡ: ಕಡ್ಡಿಯಲ್ಲಿ ನಿಂತಿರುವುದು ಒಂದೇ ಕುಣಿಕೆ. ಕಡ್ಡಿ ತೆಗೆದು ದಾರ ಜಗ್ಗಿದರೆ ಹದಿನೈದು ದಿನದ ಕೆಲಸ ಹದಿನೈದು ನಿಮಿಷದಲ್ಲಿ ಉಂಡೆ. ಇಂಗ್ಲಿಷಿನವರು ಹೀಗೆ ಬಿಚ್ಚುವುದಕ್ಕೆ ಕಪ್ಪೆಯ ಹೆಸರಿಟ್ಟಿದ್ದಾರೆ. 'ರಿಪ್ ಇಟ್, ರಿಪ್ ಇಟ್', ಅಂದರೆ ಬಿಚ್ಚು ಬಿಚ್ಚು, ಅನ್ನುವುದು ಅವರ ಕಿವಿಗೆ ಕಪ್ಪೆ ಕೂಗಿದ ಹಾಗೆ. ನಮ್ಮ ಮನೆಯಲ್ಲಿ ವಟಗುಟ್ಟಿದ್ದು ಅಮ್ಮ.

ಮೂರನೇ ಸಲ ನೋಟಿನ ಬುದ್ಧಿ ಉಪಯೋಗಿಸಿದೆ. ಇಪ್ಪತ್ತು ಕಂಬಕ್ಕೊಂದು ಸೇಫ್ಟಿ ಪಿನ್ನು, ಸಾಲಿಗೆ ಆರು ಕಟ್ಟು. ಟ್ಯಾಲಿ ಆಗದೆ ಮುಂದಿನ ಸಾಲಿಲ್ಲ. 60 ಸಾಲು ಪೈಸೆ ತಪ್ಪಲಿಲ್ಲ.

61ನೇ ಸಾಲಿನ ನಡುವೆ ಒಳಗಿನಿಂದ ಮಗಳು "ಅಮ್ಮಾ" ಅಂದಳು. ರಾತ್ರಿ ಹನ್ನೊಂದು. ಗಡಿಬಿಡಿಯಲ್ಲಿ ಅಳಿಯ ಕಾರು ತೆಗೆದ, ನಾನು ಚೀಲ ಹಿಡಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಸ್ಕ್ಯಾನ್ ರಿಪೋರ್ಟ್ ಕೊಡಿ ಅಂದರು. ಚೀಲಕ್ಕೆ ಕೈ ಹಾಕಿ ತೆಗೆದೆ: ಕನಕಾಂಬರದ ಉಂಡೆ. ಇನ್ನೊಂದು ಸಲ ತೆಗೆದೆ: ನೇರಳೆ. ರಿಪೋರ್ಟಿನ ಚೀಲ ಮನೆಯ ಸೋಫಾದ ಮೇಲೆ ಆರಾಮವಾಗಿತ್ತು. ಅಳಿಯ ಬಾಯಿ ಬಿಡದೆ ಮತ್ತೆ ಕಾರು ತೆಗೆದ. ನಾನು ಕಾರಿಡಾರಿನ ಬೆಂಚಿನಲ್ಲಿ ಕೂತು ಬೆಳಗಿನ ಜಾವ ಐದರವರೆಗೆ ಕಂಬ ಹಾಕಿದೆ. ಪಿನ್ನಿಲ್ಲ, ಎಣಿಕೆಯಿಲ್ಲ.

ಮಗು ಬಂತು. ಮೊದಲ ದಿನಗಳಲ್ಲಿ ಅದನ್ನು ಸುತ್ತಿದ್ದು ಅಮ್ಮನ ಹಳೇ ನೂಲಿನ ಸೀರೆಯ ತುಂಡಿನಲ್ಲಿ. ಅಷ್ಟು ಮೆತ್ತಗಿನ ಬಟ್ಟೆ ದುಡ್ಡು ಕೊಟ್ಟರೆ ಸಿಗುವುದಿಲ್ಲ, ಒಪ್ಪುತ್ತೇನೆ. ನಾನು ಮೂಲೆಯಲ್ಲಿ ಕೂತು ಬಾಲ ಸೇರಿಸಿದೆ. ಪಟ್ಟೆಪಟ್ಟೆಯ ಹೊದಿಕೆಯ ಫೋಟೋದಲ್ಲಿ ಯಾರೂ ತೋರಿಸದ ವಿಷಯ ಇದು: 36 ಪಟ್ಟೆಗೆ, ಶುರುವಿಗೊಂದು ಕೊನೆಗೊಂದು, 72 ದಾರದ ಬಾಲ. ಒಂದೊಂದನ್ನೂ ದಬ್ಬಣದಲ್ಲಿ ಪೋಣಿಸಿ ಒಳಗೆ ಹುದುಗಿಸಬೇಕು. 2016ರ ಜನವರಿಯಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಬಳಗದವರು ಚೆನ್ನೈನಲ್ಲಿ 11,148 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಹೆಚ್ಚುಕಮ್ಮಿ ಎರಡೂಮುಕ್ಕಾಲು ಎಕರೆ. ಎಲ್ಲರೂ ಅಳತೆ ನೋಡಿ ಬಾಯಿಬಿಟ್ಟಿರಬಹುದು. ನನ್ನ ತಲೆ ತಿನ್ನುವುದು ಬೇರೆ: ಅಷ್ಟು ಬಾಲ ಯಾರು ಸೇರಿಸಿದರು?

ನಾಮಕರಣದ ದಿನ ಹೊದಿಕೆ ತೊಟ್ಟಿಲಿಗೆ ಬಂತು. ಬಂದವರೆಲ್ಲ ಹೊಗಳಿದರು. ಅಮ್ಮ ಮಾತ್ರ ಕನ್ನಡಕ ಏರಿಸಿ, ಮೇಲಿನ ಅಂಚಿನ ಮೇಲೆ ಬೆರಳಿಟ್ಟು, ತುಟಿಯಲ್ಲೇ ಎಣಿಸುತ್ತಾ ಈ ತುದಿಯಿಂದ ಆ ತುದಿಗೆ ಹೋದಳು.

"118. ಎರಡು ಶಾರ್ಟು ಕಣೇ. ಕೈಯಿಂದ ಕಟ್ಟು."

ಅಷ್ಟರಲ್ಲಿ ಮೊಮ್ಮಗಳು ಅರಿಶಿನದ ಎರಡನೇ ಲಾಟನ್ನು ಒದ್ದೆ ಮಾಡಿದ್ದಳು.